ಹಿಂದಿನ ಸ್ಪ್ರಾಕೆಟ್‌ನಲ್ಲಿ ಹಲ್ಲು ಇಳಿಸಿದೆ, ಟೈಮೂ ಇಳಿಯಿತು

"ಹಿಂದೆ 42 ಹಾಕು ಮಗಾ, ಎದ್ದು ಹೋಗತ್ತೆ." 42 ಅಂದರೆ ಬೈಕಿನ ಹಿಂದಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಚಕ್ರದ, ಹಲ್ಲುಗಳ ಲೆಕ್ಕ. ಮೂರು ವರ್ಷ ಈ ಒಂದು ಮಾತು ಕೇಳಿದ್ದೇನೆ. ಹಾಕಿದೆ. ಎದ್ದಿದ್ದೇನೋ ನಿಜ, ಮುಂದಿನ ಚಕ್ರ ಎದ್ದಿತು. ಕಾಲು ಮೈಲಿ (402 ಮೀಟರ್) ಓಟದ ಟೈಮ್ ಮಾತ್ರ ಇದ್ದಲ್ಲೇ ಇತ್ತು. ಈಗ ಮುಂದೆ 15, ಹಿಂದೆ 40 ಹಾಕಿಕೊಂಡು ಓಡಿಸುತ್ತಿದ್ದೇನೆ. ನಕ್ಕವರೆಲ್ಲ ಈಗ ಜೆಟ್ (ಕಾರ್ಬುರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು) ನಂಬರ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಯಮಹಾ ಆರ್‌ಎಕ್ಸ್ 135, ಟು ಸ್ಟ್ರೋಕ್, ಐದು ಗೇರಿನದು. ಬ್ಲಾಕ್ ಪೋರ್ಟಿಂಗ್ (ಸಿಲಿಂಡರ್ ಕಿಂಡಿಗಳನ್ನು ಕೊರೆದು ದೊಡ್ಡದು ಮಾಡುವುದು) ಆಗಿದೆ, ಎಷ್ಟು ಎತ್ತರಿಸಿದ್ದೇನೆ ಅಂತ ಕೇಳಬೇಡಿ. ಚೇಂಬರ್, ಅಂದರೆ ಹೊಗೆ ಹೋಗುವ ಉಬ್ಬಿದ ಪೈಪ್, ಕಾಮಾಕ್ಷಿಪಾಳ್ಯದ ಒಂದು ಶೆಡ್‌ನಲ್ಲಿ ನಿಂತು ಮಾಡಿಸಿದ್ದು. ಕಾರ್ಬುರೇಟರ್ ಕೀಹಿನ್ ಕಂಪನಿಯ ಪಿಡಬ್ಲ್ಯೂಕೆ 28, ಒರಿಜಿನಲ್ ಅಲ್ಲ, ಕಾಪಿ. ಒರಿಜಿನಲ್ ಕೊಳ್ಳುವ ದುಡ್ಡಿಗೆ ಆಗ ಎರಡು ಪಿಸ್ಟನ್ ಕಿಟ್ ಬರುತ್ತಿತ್ತು. ಇಲ್ಲಿ ಉಳಿಸಿದ್ದಕ್ಕೆ ಮುಂದೆ ಬಡ್ಡಿ ಸಮೇತ ಕಟ್ಟಿದೆ.

ಮೊದಲು ಮುಂದೆ 14, ಹಿಂದೆ 42. ಸ್ಟಾರ್ಟ್‌ನಲ್ಲಿ ಖುಷಿ. 300 ಮೀಟರ್ ದಾಟುವಷ್ಟರಲ್ಲಿ ಐದನೇ ಗೇರ್ ಬಿದ್ದಾಗಿರುತ್ತಿತ್ತು, ಇಂಜಿನ್ ಕಿರುಚುತ್ತಿತ್ತು, ಆದರೆ ಪೈಪ್‌ನ ಪವರ್ ಮುಗಿದಿರುತ್ತಿತ್ತು. ಉಳಿದ ನೂರು ಮೀಟರ್ ಬರೀ ಸದ್ದು. 402 ಮೀಟರ್‌ಗೆ 16.4 ಸೆಕೆಂಡು. 44 ಹಾಕಿದರೆ 16.6. ಹಾಗಾದರೆ ಹಲ್ಲು ಇಳಿಸಬೇಕು ಅಂತ ಲೆಕ್ಕ ಹಾಕಿ 38 ಹಾಕಿದೆ. ಮೂರನೇ ಗೇರ್ ಹಾಕಿದ್ದೇ ತಡ, ಗಾಡಿ ಗೊರಗೊರ ಅಂತ ಮಂಕಾಗಿ ನಿಂತೇಬಿಟ್ಟಿತು. ನಮ್ಮ ಗ್ಯಾರೇಜ್‌ನ ಗುರುಗಳು ಟೀ ಲೋಟ ಕೆಳಗಿಡದೆ, "ನಾನು ಹೇಳಲಿಲ್ವೇನಪ್ಪಾ? ಇದು ಯಮಹಾ, ಲಾರಿ ಅಲ್ಲ" ಅಂದರು. ಮತ್ತೆ 42ಕ್ಕೆ ಬಂದೆ.

ತಪ್ಪು ಸ್ಪ್ರಾಕೆಟ್‌ನದಲ್ಲ, ಜೆಟ್‌ನದು ಅಂತ ಗೊತ್ತಾಗಲು ಇನ್ನೂ ಎಂಟು ತಿಂಗಳು ಹಿಡಿಯಿತು. ಮಿಕ್ಸ್ಚರ್ ದಪ್ಪ ಇದ್ದರೆ, ಅಂದರೆ ಗಾಳಿಗಿಂತ ಪೆಟ್ರೋಲ್ ಪಾಲು ಜಾಸ್ತಿಯಾದರೆ, ಗೇರ್ ಬದಲಿಸಿದಾಗ ಆರ್‌ಪಿಎಂ ಬಿದ್ದು, ಪೈಪ್ ಪವರ್ ಕೊಡುವ ಆರ್‌ಪಿಎಂಗೆ ಮತ್ತೆ ಏರಲು ಒದ್ದಾಡುತ್ತದೆ. ಹಿಂದೆ ದೊಡ್ಡ ಸ್ಪ್ರಾಕೆಟ್ ಇದ್ದರೆ ಆ ಒದ್ದಾಟ ಕಾಣುವುದಿಲ್ಲ, ಅಷ್ಟೇ. ನಮ್ಮೂರಲ್ಲಿ ಮುಕ್ಕಾಲು ಗಾಡಿಗಳು ಜೆಟ್‌ನ ತಪ್ಪನ್ನು ಸ್ಪ್ರಾಕೆಟ್ ಹಾಕಿ ಮುಚ್ಚಿಟ್ಟುಕೊಂಡೇ ಓಡುತ್ತಿವೆ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಇದು ನನ್ನ ಅಭಿಪ್ರಾಯ.

ಜೆಟ್ ಸೆಟ್‌ನಲ್ಲಿ 110ರಿಂದ 125ರವರೆಗೆ ಏಳೋ ಎಂಟೋ ಇದ್ದವು. 115 ಹಾಕಿದರೆ ಗೊರಗೊರ, ಅಂದರೆ ಪೆಟ್ರೋಲ್ ಜಾಸ್ತಿ. 120ಕ್ಕೆ ಏರಿಸಿದರೆ ಪ್ಲಗ್ ಬೆಳ್ಳಗೆ, ಅಂದರೆ ಪೆಟ್ರೋಲ್ ಕಡಿಮೆ! ಏರಿಸಿದರೆ ಪೆಟ್ರೋಲ್ ಜಾಸ್ತಿಯಾಗಬೇಕು, ಇಲ್ಲಿ ಉಲ್ಟಾ. ಹುಚ್ಚು ಹಿಡಿಯುವುದೊಂದು ಬಾಕಿ. ಕೀಹಿನ್ ನಂಬರ್ ಅಂದರೆ ತೂತಿನ ಅಳತೆ, 120 ಅಂದರೆ 1.20 ಮಿಲಿಮೀಟರ್. ಅಳೆದೇ ಬಿಡೋಣ ಅಂತ ಎಸ್‌.ಪಿ. ರೋಡ್‌ಗೆ ಹೋಗಿ ಸರ್ಕ್ಯೂಟ್ ಬೋರ್ಡ್ ಕೊರೆಯುವ ಸಣ್ಣ ಡ್ರಿಲ್ ಬಿಟ್‌ಗಳನ್ನು ತಂದೆ. 1.10, 1.15, 1.20, 1.25, ಎಲ್ಲ ಸೇರಿ ಇನ್ನೂರು ರೂಪಾಯಿ ಆಗಿರಬಹುದು. ಕಿಟಕಿ ಬೆಳಕಿಗೆ ಹಿಡಿದು ಒಂದೊಂದೇ ತೂರಿಸಿದೆ. 115 ಅಂತ ಕೆತ್ತಿದ್ದರಲ್ಲಿ 1.20ರ ಬಿಟ್ ಸಲೀಸಾಗಿ ಇಳಿಯಿತು. 120 ಅಂತ ಇದ್ದದ್ದರಲ್ಲಿ 1.15 ಕೂಡ ಹೋಗಲಿಲ್ಲ. ಬಿಟ್ ತಿರುಗಿಸಬೇಡಿ, ಹಿತ್ತಾಳೆ ಕೆರೆದುಹೋಗುತ್ತದೆ. ಸುಮ್ಮನೆ ಇಳಿಬಿಡಿ. ಆವತ್ತು ಇಡೀ ಸೆಟ್ ಡಬ್ಬಿಗೆ ಹಾಕಿ, ಒರಿಜಿನಲ್ ಜೆಟ್ ಮಾತ್ರ ಬಿಡಿಯಾಗಿ ತರಿಸಿದೆ. ಕಾರ್ಬುರೇಟರ್ ಇವತ್ತಿಗೂ ಅದೇ ಕಾಪಿ.

ಆಮೇಲಿನದು ಬರೀ ತಾಳ್ಮೆ. ಹೊಸಕೋಟೆ ಕಡೆ ಪರಿಚಯದವರೊಬ್ಬರ ಲೇಔಟ್ ಇದೆ. ಸೈಟ್ ಒಂದೂ ಮಾರಾಟವಾಗಿಲ್ಲ, ರಸ್ತೆ ಮಾತ್ರ ಅಚ್ಚುಕಟ್ಟು, ಗೇಟ್ ಹಾಕಿಕೊಂಡರೆ ನಾಯಿಯೂ ಬರುವುದಿಲ್ಲ. ಪ್ರತಿ ಜೆಟ್‌ಗೂ ಹೊಸ ಪ್ಲಗ್, ಫುಲ್ ಥ್ರಾಟಲ್‌ನಲ್ಲೇ ಕ್ಲಚ್ ಹಿಡಿದು ಕಿಲ್ ಸ್ವಿಚ್. ಪ್ಲಗ್ ಬಿಚ್ಚಿ ಮೇಲೆ ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ಆಕ್ಸಾ ಬ್ಲೇಡ್‌ನಲ್ಲಿ ಪ್ಲಗ್ಗಿನ ಥ್ರೆಡ್ ಇರುವ ಭಾಗ ಕುಯ್ದು ಒಳಗಿನ ಪಿಂಗಾಣಿಯ ಬುಡ ನೋಡಬೇಕು. ಅಲ್ಲಿ ಸುತ್ತಲೂ ಸಣ್ಣದೊಂದು ಕಂದು ಪಟ್ಟಿ ಇರುತ್ತದೆ, ಕಾಫಿ ಲೋಟದ ತಳದಲ್ಲಿ ಉಳಿಯುವ ಗೆರೆಯ ಹಾಗೆ. ಅದು ತೆಳ್ಳಗೆ, ಒಂದೇ ಸಮ ಇದ್ದರೆ ಸರಿ. ಇಪ್ಪತ್ತಕ್ಕೂ ಹೆಚ್ಚು ಪ್ಲಗ್ ಕುಯ್ದಿದ್ದೇನೆ. ಕೊನೆಗೆ 118 ನಿಂತಿತು, ಕಾರ್ಬುರೇಟರ್ ಸೂಜಿಯ (ನೀಡಲ್) ಕ್ಲಿಪ್ ಮೇಲಿನಿಂದ ಎರಡನೇ ಗೀರು.

ಆ ಖುಷಿಯಲ್ಲಿ ಚೆನ್ನೈ ಟ್ರ್ಯಾಕ್‌ಗೆ ಹೋದೆ. ಶ್ರೀಪೆರುಂಬುದೂರು ಹತ್ತಿರದ್ದು, ಗೊತ್ತಲ್ಲ. ಅದೇ ಜೆಟ್ ಇಟ್ಟುಕೊಂಡು ಹೋಗಿದ್ದೇ ದಡ್ಡತನ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿಯ ಗಾಳಿ ತೆಳ್ಳಗೆ. ಅಲ್ಲಿ ಗಾಳಿ ದಟ್ಟ, ಪೆಟ್ರೋಲ್ ಜಾಸ್ತಿ ಬೇಕು. ಇಲ್ಲಿ ಸರಿಯಾದ ಜೆಟ್ ಅಲ್ಲಿ ಉಪವಾಸ. ಎರಡನೇ ರನ್‌ನಲ್ಲಿ, ನಾಲ್ಕನೇ ಗೇರಲ್ಲಿ ಸೀಜ್, ಪಿಸ್ಟನ್ ಕಚ್ಚಿಕೊಂಡಿತು. ಕ್ಲಚ್ ಮೇಲೆ ಬೆರಳು ಇದ್ದದ್ದಕ್ಕೆ ಮೂಳೆ ಉಳಿಯಿತು. ಪಿಸ್ಟನ್ ಎಕ್ಸಾಸ್ಟ್ ಕಡೆ ಬೆಕ್ಕು ಪರಚಿದ ಹಾಗಿತ್ತು. ಪಿಸ್ಟನ್ ಕಿಟ್, ಬೋರಿಂಗ್, ಗ್ಯಾಸ್ಕೆಟ್, ವಾಪಸ್ ಟೆಂಪೋ ಬಾಡಿಗೆ ಎಲ್ಲ ಸೇರಿ ಹನ್ನೊಂದು ಸಾವಿರದ ಹತ್ತಿರ. ಮನೆಯಲ್ಲಿ ನಾಲ್ಕು ಅಂದಿದ್ದೇನೆ. ಈಗ ಘಾಟಿ ಇಳಿದರೆ ಎರಡು ಸೈಜ್ ದೊಡ್ಡ ಜೆಟ್, ಬೆಳಗಿನ ತಂಪಿನಲ್ಲಿ ಓಡಿಸುವುದಾದರೆ ಮೂರು.

ಇನ್ನೊಂದು. ಹಳಬರು ಕೊಡುವ ನಂಬರ್‌ಗಳನ್ನು ಹಾಗೇ ನಂಬಬೇಡಿ. ಅವು ಹಳೇ ಪೆಟ್ರೋಲ್‌ನ ನಂಬರ್‌ಗಳು. ಇ20 (ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್) ಬಿಡುಗಡೆಯಾಗಿದ್ದೇ 2023ರಲ್ಲಿ, ಇದೇ ಬೆಂಗಳೂರಲ್ಲಿ. ಎಥನಾಲ್ ಬೆರೆತ ಪೆಟ್ರೋಲ್‌ಗೆ ಜೆಟ್ ಸ್ವಲ್ಪ ದೊಡ್ಡದೇ ಬೇಕು. ಗುರುಗಳು ಹೇಳಿದ 112 ಅವರ ಕಾಲಕ್ಕೆ ಸರಿಯೇ ಇದ್ದಿರಬೇಕು.

ನಡುವೆ ಹರಳೆಣ್ಣೆಯ ಹುಚ್ಚೂ ಹಿಡಿದಿತ್ತು. ಹಿಂದೆ ರೇಸ್ ಟು ಸ್ಟ್ರೋಕ್‌ಗಳಿಗೆಲ್ಲ ಹರಳೆಣ್ಣೆ ಆಯಿಲ್ಲೇ ತಾನೇ ಅಂತ, ಅಮ್ಮ ತಲೆಗೆ ಹಚ್ಚಲು ಇಟ್ಟಿದ್ದ ಗಾಣದ ಎಣ್ಣೆಯನ್ನೇ ಸೋಸಿ ಪೆಟ್ರೋಲ್‌ಗೆ ಬೆರೆಸಿದೆ. ವಾಸನೆ ಅದ್ಭುತ, ಇಡೀ ಬೀದಿ ಬಂದು ನಿಂತು ಮೂಸಿತು. ವಾರ ಬಿಟ್ಟು ಹೆಡ್, ಬ್ಲಾಕ್ ಬಿಚ್ಚಿದರೆ ಪಿಸ್ಟನ್ ರಿಂಗ್‌ಗಳು ಬೆಲ್ಲದ ಪಾಕದಲ್ಲಿ ಅದ್ದಿದ ಹಾಗೆ ಅಂಟಿಕೊಂಡಿದ್ದವು. ಬಾಟಲಿ ಖಾಲಿ ಆಗಿದ್ದಕ್ಕೆ ಬೈಗುಳ ಬೇರೆ.

ಜೆಟ್ ಸರಿಯಾದ ಮೇಲೆ ಮತ್ತೆ ಸ್ಪ್ರಾಕೆಟ್‌ಗೆ ಬಂದೆ. ಮುಂದೆ ಒಂದು ಹಲ್ಲು ಏರಿಸಿದರೆ ಹಿಂದೆ ಹೆಚ್ಚುಕಡಿಮೆ ಮೂರು ಇಳಿಸಿದಂತೆ, ಅದು ನಿಮಗೆಲ್ಲ ಗೊತ್ತು. ಪೀಣ್ಯದಲ್ಲಿ ಇಎನ್8 ಉಕ್ಕಿನ ಪ್ಲೇಟ್‌ನಲ್ಲಿ 39, 40, 41 ಮೂರನ್ನೂ ಲೇಸರ್ ಕಟಿಂಗ್ ಮಾಡಿಸಿದೆ, ಒಂದಕ್ಕೆ ಒಂಬೈನೂರು ಇರಬೇಕು. 15ಕ್ಕೆ 41 ಹಾಕಿದಾಗ 15.5. 40 ಹಾಕಿದಾಗ 15.2, ಮತ್ತೆ 15.2, ಆಮೇಲೆ 15.1. ಗೆರೆ ದಾಟುವ ಹೊತ್ತಿಗೆ ಐದನೇ ಗೇರ್ ಇನ್ನೂ ಎಳೆಯುತ್ತಲೇ ಇತ್ತು. ಸ್ಟಾರ್ಟ್‌ನಲ್ಲಿ ಮಂಕಾಗದೇ ಇರಲು ಕ್ಲಚ್‌ನಲ್ಲಿ ಒಂದು ಸಣ್ಣ ಕೆಲಸ ಮಾಡಿದ್ದೇನೆ. ಅದನ್ನು ಮಾತ್ರ ಹೇಳುವುದಿಲ್ಲ, ಬರುವ ಸೀಸನ್ ಮುಗಿಯಲಿ.

ಮೂರು ವರ್ಷಕ್ಕೆ ಎಂಬತ್ತು ಸಾವಿರ ದಾಟಿದೆ. ಹೋದ ಭಾನುವಾರ ಗುರುಗಳು ಲೇಔಟ್‌ಗೇ ಬಂದಿದ್ದರು. ಮೂರು ರನ್ ನೋಡಿದರು, ಏನೂ ಅನ್ನಲಿಲ್ಲ. ಹೊರಡುವಾಗ ಹಿಂದಿನ ಚಕ್ರದ ಹತ್ತಿರ ಕೂತು, ಬೆರಳಿಟ್ಟು ಹಲ್ಲು ಎಣಿಸಿದರು. ಒಂದಲ್ಲ, ಎರಡು ಸಲ. 39ರದು ಇನ್ನೂ ಹಾಕಿ ನೋಡಿಲ್ಲ, ಈ ಶನಿವಾರ ಹಾಕುತ್ತೇನೆ.