ನಮ್ಮ ಮನೆಗೊಂದು ಬೆಲೆ ಸೂಚ್ಯಂಕ: ಹಾಲಿನ ಪ್ಯಾಕೆಟ್‌ನಲ್ಲಿ ನಾನು ಎಡವಿದ್ದು

ಹಣದುಬ್ಬರ ಇಳಿದಿದೆ ಅಂತ ಪೇಪರ್ ಓದಿ ಹೇಳಿದಾಗಲೆಲ್ಲ ನನ್ನ ಹೆಂಡತಿಯದು ಒಂದೇ ಪ್ರಶ್ನೆ: "ಯಾರ ಮನೇಲಿ ರೀ?" ಸರಿ, ನಮ್ಮ ಬೆಂಗಳೂರಿನ ಮನೆಗೇ ಒಂದು ಸೂಚ್ಯಂಕ ಮಾಡಿ ನೋಡೋಣ ಅಂತ 2023ರ ಜನವರಿಯಲ್ಲಿ ಶುರು ಮಾಡಿದೆ.

ವಿಧಾನ ಹೆಚ್ಚುಕಡಿಮೆ ಸರ್ಕಾರ ಹಣದುಬ್ಬರ ಅಳೆಯುವ ಬೆಲೆ ಸೂಚ್ಯಂಕದ್ದೇ. ಆ ತಿಂಗಳು ಬಾಡಿಗೆ, ಹಾಲು, ಅಕ್ಕಿ, ತರಕಾರಿ ಎಲ್ಲ ಸೇರಿ 26,000 ರೂಪಾಯಿ ಆಗಿತ್ತು. ಅದನ್ನೇ 100 ಅಂತ ಇಟ್ಟುಕೊಂಡೆ. ಏನೇನು ಎಷ್ಟೆಷ್ಟು ತಂದಿದ್ದೆವೋ ಆ ಪಟ್ಟಿ ಬದಲಾಗುವ ಹಾಗಿಲ್ಲ. ಪ್ರತಿ ತಿಂಗಳ ಮೊದಲ ಭಾನುವಾರ ಅವೇ ಅಂಗಡಿಗಳಲ್ಲಿ ದರ ಬರೆದುಕೊಳ್ಳುವುದು, ಅಷ್ಟೂ ಸಾಮಾನು ಇವತ್ತು ತಂದರೆ ಎಷ್ಟಾಗುತ್ತದೆ ಅಂತ ಕೂಡುವುದು, 26,000ದಿಂದ ಭಾಗಿಸಿ 100ರಿಂದ ಗುಣಿಸುವುದು.

ಮೊದಲು ಆಟ ಆಡಿಸಿದ್ದು ಟೊಮೆಟೊ. ಜನವರಿಯಲ್ಲಿ ಕೆಜಿಗೆ 25 ಇದ್ದದ್ದು ಜುಲೈನಲ್ಲಿ 110. ಪಟ್ಟಿಯಲ್ಲಿ 6 ಕೆಜಿ ಇತ್ತು. ಅದೊಂದರಿಂದಲೇ ಸೂಚ್ಯಂಕ ಸುಮಾರು 2 ಅಂಕ ಏರಿತು. ಆದರೆ ಆ ದರಕ್ಕೆ 6 ಕೆಜಿ ತರುವವರು ಯಾರು? ನಾವು ತಂದಿದ್ದು 2 ಕೆಜಿ. ಸಾರಿಗೆ ಹುಣಸೆಹಣ್ಣು ಜಾಸ್ತಿ ಬಿತ್ತು. ಪಟ್ಟಿಗೆ ಅಡುಗೆಮನೆಯ ಈ ಉಪಾಯ ಗೊತ್ತಾಗುವುದಿಲ್ಲ. ಆಗ ಚಾಲ್ತಿಯಲ್ಲಿದ್ದ ಸರ್ಕಾರದ ಪಟ್ಟಿಗೂ ಇದೇ ಕಷ್ಟ, ಇನ್ನೂ ದೊಡ್ಡದಾಗಿ: ಅದರ ತೂಕಗಳು, ಅಂದರೆ ಒಟ್ಟು ಖರ್ಚಿನಲ್ಲಿ ಯಾವುದಕ್ಕೆ ಎಷ್ಟು ಪಾಲು ಅನ್ನುವುದು, 2011–12ರ ಮನೆಖರ್ಚಿನ ಸಮೀಕ್ಷೆಯವು.

ಆಗಸ್ಟ್‌ನಲ್ಲಿ ಗೃಹ ಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ ಬಂತು, ಸೂಚ್ಯಂಕ ಇಳಿಯಿತು. ಸೆಪ್ಟೆಂಬರಲ್ಲಿ ಬಾಡಿಗೆ ಶೇ. 5 ಏರಿ ಆ ಖುಷಿ ಮುಗಿಯಿತು. 2012ನ್ನು 100 ಅಂತ ಇಟ್ಟುಕೊಂಡ ಸರ್ಕಾರದ ಆ ಸೂಚ್ಯಂಕದಲ್ಲಿ ನಗರದವರ ವಸತಿಗೆ ಕೊಟ್ಟ ತೂಕ ಶೇ. 21.67. ನನ್ನ ಮೊದಲ ತಿಂಗಳ ಪಟ್ಟಿಯಲ್ಲಿ ಬಾಡಿಗೆ 11,000, ಅಂದರೆ ಶೇ. 42. ಅವರ ಅಂಕಿಯೂ ನನ್ನದೂ ಹೊಂದಲಿಲ್ಲ ಅಂದರೆ ಆಶ್ಚರ್ಯ ಏನಿದೆ?

ನಾನು ನಿಜವಾಗಿ ಎಡವಿದ್ದು ಹಾಲಿನಲ್ಲಿ. ನೀಲಿ ಪ್ಯಾಕೆಟ್‌ನ ನಂದಿನಿ ಹಾಲು 2023ರ ಆಗಸ್ಟ್‌ನಿಂದ ಲೀಟರಿಗೆ 42 ಇತ್ತು. 2024ರ ಜೂನ್ ಕೊನೆಯಲ್ಲಿ ಪ್ಯಾಕೆಟ್‌ಗೆ 44 ಆಯಿತು. ಸುಮ್ನೆ 44 ಅಂತ ಬರೆದುಬಿಟ್ಟೆ. ಆಮೇಲೆ ಪ್ಯಾಕೆಟ್ ತಿರುಗಿಸಿ ನೋಡಿದರೆ 1,050 ಎಂಎಲ್! ಲೀಟರ್ ಲೆಕ್ಕದಲ್ಲಿ 41 ರೂಪಾಯಿ 90 ಪೈಸೆ. ದರ ಏರಿಯೇ ಇಲ್ಲ. ಹೆಂಡತಿಗೆ ಹೇಳಿದೆ. "ಆ 50 ಎಂಎಲ್ ನಾವು ಕೇಳಿದ್ವಾ? ತಿಂಗಳಿಗೆ 60 ರೂಪಾಯಿ ಜಾಸ್ತಿ ಹೋಗ್ತಿದೆ ಅಲ್ವಾ?" ಅಂದಳು. ಅವಳದು ಪರ್ಸಿನ ಲೆಕ್ಕ, ನನ್ನದು ದರದ ಲೆಕ್ಕ. ಎರಡೂ ತಪ್ಪಲ್ಲ. ಸೂಚ್ಯಂಕ ಹೇಳುವುದು ಎರಡನೆಯದನ್ನು ಮಾತ್ರ.

2025ರ ಏಪ್ರಿಲ್‌ನಲ್ಲಿ ಪ್ಯಾಕೆಟ್ ಮತ್ತೆ ಒಂದು ಲೀಟರಿಗೆ ಬಂತು, ಬೆಲೆ 46. ಪ್ಯಾಕೆಟ್ ನೋಡಿದರೆ ಏರಿದ್ದು 2 ರೂಪಾಯಿ, ಲೀಟರ್ ನೋಡಿದರೆ 4 ರೂಪಾಯಿ 10 ಪೈಸೆ. ಈ ಸಲ ತಪ್ಪಲಿಲ್ಲ. ನನ್ನ ಪುಸ್ತಕದಲ್ಲಿ ದರದ ಪಕ್ಕ ಈಗ ಎಂಎಲ್‌ಗೂ ಒಂದು ಕಾಲಂ ಇದೆ.