“ಭಾನುವಾರ ನಮಗೆ ಸಂತೆ ಅಲ್ವಾ, ಟೀಚರೇ?”

ಶಾಲೆಯಿಂದ ನಿವೃತ್ತಳಾದ ವರ್ಷ ನಮ್ಮ ಚರ್ಚಿನ ಸ್ತ್ರೀಸಮಾಜದವರು ನನ್ನನ್ನು ಸುವಾರ್ತೆ ಕೆಲಸಕ್ಕೆ ಸೇರಿಸಿಕೊಂಡರು. ಕ್ರಿಸ್ಮಸ್ ಹತ್ತಿರ ಬಂದಿತ್ತು. ಕೊಡಗಿನ ಸಿದ್ದಾಪುರದ ಸುತ್ತಲಿನ ಕಾಫಿ ತೋಟಗಳಲ್ಲಿ ಕೂಲಿಯವರು ಇರುವ ಸಾಲುಮನೆಗಳಿಗೆ, ಅಂದರೆ ಲೈನ್ ಮನೆಗಳಿಗೆ ಹೋಗಿ, ಭಾನುವಾರದ ಆರಾಧನೆಗೆ ಬನ್ನಿ ಎಂದು ಕರೆದು ಬಂದೆವು. ಚೆಂದದ ಕಾಗದದಲ್ಲಿ ಕರೆಯೋಲೆಯನ್ನೂ ಹಂಚಿದ್ದೆವು. ಆ ಭಾನುವಾರ ಒಬ್ಬರೂ ಬರಲಿಲ್ಲ.

ನನಗೆ ಬೇಜಾರಾಯಿತು. ಮರುದಿನ ಸಂಜೆ ಅದೇ ಲೈನಿಗೆ ಹೋದೆ. ಯರವ ಬುಡಕಟ್ಟಿನ ಒಬ್ಬ ಹೆಂಗಸು ಒಲೆಗೆ ಸೌದೆ ಒತ್ತುತ್ತಾ, “ಭಾನುವಾರ ನಮಗೆ ಸಂತೆ ಅಲ್ವಾ, ಟೀಚರೇ?” ಅಂದಳು. ವಾರದ ಬಟವಾಡೆ ಕೈಗೆ ಬಂದ ಮೇಲೆ ಅಕ್ಕಿ, ಎಣ್ಣೆ, ಒಣಮೀನು ತರಲು ಅವಳಿಗೆ ಇರುವುದು ಅದೊಂದೇ ದಿನ. ನಾನೂ ಎಷ್ಟೋ ವರ್ಷ ಆರಾಧನೆ ಮುಗಿಸಿಕೊಂಡು ಅದೇ ಸಂತೆಯಲ್ಲಿ ತರಕಾರಿ ತಂದವಳು. ಅವಳ ಭಾನುವಾರ ಹೇಗಿರುತ್ತದೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಅಂದು ರಾತ್ರಿ ಬೈಬಲಿನ ಕುರುಡ ಬಾರ್ತಿಮಾಯನ ಪ್ರಸಂಗ ನೆನಪಾಯಿತು. ಅವನಿಗೆ ಕಣ್ಣಿಲ್ಲ ಅನ್ನುವುದು ಎದುರಿಗೇ ಕಾಣುತ್ತಿತ್ತು. ಆದರೂ ಯೇಸುಸ್ವಾಮಿ, ನಿನಗೆ ನಾನು ಏನು ಮಾಡಬೇಕು ಎಂದು ಮೊದಲು ಅವನನ್ನೇ ಕೇಳಿದರು. ನಾವು ಯಾರನ್ನೂ ಕೇಳಿರಲಿಲ್ಲ.

ಕೇಳದೆ ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ನಾನು ಅದಕ್ಕೂ ಮೊದಲೇ ನೋಡಿದ್ದೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳು ಹೋದಾಗ ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡಿದ್ದೆ. ಹಳೇ ಬಟ್ಟೆಯ ಮೂಟೆಗಳು ಬಂದು ಬಂದು ಬಿದ್ದವು. ಒಣಗಿಸಲು ಬಿಸಿಲಿಲ್ಲ, ಇಡಲು ಜಾಗವಿಲ್ಲ. ಅಲ್ಲಿನ ಹೆಂಗಸರಿಗೆ ಬೇಕಾಗಿದ್ದು ಒಳ ಉಡುಪು, ಪ್ಯಾಡು, ಜೊತೆಗೆ ನೀರಲ್ಲಿ ಹೋದ ರೇಷನ್ ಕಾರ್ಡಿಗೆ ಅರ್ಜಿ ಬರೆದುಕೊಡುವ ಒಬ್ಬರು. ಅದನ್ನು ಕಣ್ಣಾರೆ ನೋಡಿಯೂ ಕ್ರಿಸ್ಮಸ್ಸಿಗೆ ಅದೇ ತಪ್ಪು ಮಾಡಿದೆ.

ಆಮೇಲೆ ಆರು ತಿಂಗಳು ಯಾರನ್ನೂ ಚರ್ಚಿಗೆ ಕರೆಯುವುದು ಬೇಡ ಎಂದು ನಾವು ನಾಲ್ಕು ಜನ ಮಾತಾಡಿಕೊಂಡೆವು. ಮೊದಲು ತೋಟದ ಸಾಹುಕಾರರ ಬಳಿ ಹೋಗಿ, ನಾವು ಚರ್ಚಿನವರು ಎಂದು ಬಾಯಿಬಿಟ್ಟು ಹೇಳಿಯೇ ಅನುಮತಿ ಕೇಳಿದೆವು. “ಮತಾಂತರ ಮಾಡೋಕಾ?” ಎಂದು ತೋಟದ ಲೆಕ್ಕ ನೋಡುವ ರೈಟರ್ ನೇರವಾಗಿ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಆ ದಿನ ಅವರಿಗೆ ಕೊಟ್ಟ ಮಾತನ್ನು ಇವತ್ತಿಗೂ ನಡೆಸುತ್ತಿದ್ದೇವೆ. ಆಸ್ಪತ್ರೆಗೆ, ಕಚೇರಿಗೆ ಜೊತೆಗೆ ಹೋಗುವಾಗ ಕರಪತ್ರ ಒಯ್ಯುವುದಿಲ್ಲ. ಅಕ್ಕಿ, ದುಡ್ಡು ಹಂಚುವುದಿಲ್ಲ. ಫೋಟೊ ತೆಗೆಯುವುದಿಲ್ಲ. ಕಾಯಿಲೆಯವರೇ ಕೇಳದೆ ಪ್ರಾರ್ಥನೆ ಮಾಡುವುದಿಲ್ಲ. ಕಷ್ಟದಲ್ಲಿ ಇರುವವರು ಏನು ಹೇಳಿದರೂ ಹೂಂ ಅನ್ನುತ್ತಾರೆ. ಆ ಹೂಂ ಹಿಡಿದುಕೊಂಡು ದೇವರ ಮುಂದೆ ನಿಲ್ಲಲು ನನಗೆ ಧೈರ್ಯವಿಲ್ಲ.

ಒಂದು ನೋಟ್‌ಪುಸ್ತಕ ಇಟ್ಟುಕೊಂಡು ಸಂಜೆ ನಾಲ್ಕೂವರೆಗೆ, ಕೆಲಸ ಬಿಟ್ಟ ಮೇಲೆ ಲೈನಿಗೆ ಹೋಗುತ್ತಿದ್ದೆವು. ಆರರೊಳಗೆ ಹಿಂದಿರುಗಬೇಕು. ಕತ್ತಲಾದರೆ ರಸ್ತೆಯಲ್ಲಿ ಆನೆ. ಒಂದೇ ಲೈನಿನಲ್ಲಿ ಯರವರು, ಪಣಿಯರು, ತಮಿಳರು, ಈಚೆಗೆ ಅಸ್ಸಾಮಿನಿಂದ ಬಂದವರು. ನನ್ನ ಕನ್ನಡ ಅರ್ಧ ಜನಕ್ಕೆ ಸಾಲದು. 1850ರ ದಶಕದಲ್ಲಿ ಮಿಷನರಿ ಹರ್ಮನ್ ಮೊಗ್ಲಿಂಗರು ಇಲ್ಲೇ ನಮ್ಮ ಆನಂದಪುರದಲ್ಲಿ ಭೂಮಿಯಿಲ್ಲದ ಬಡವರ ನಡುವೆ ಬಂದು ನೆಲೆಸಿದ್ದರು. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟೆಲರೂ ಕೊಡಗಿನಲ್ಲಿ ಸೇವೆ ಮಾಡಿದವರೇ. ದೂರದ ಜರ್ಮನಿಯಿಂದ ಬಂದವರು ಇಲ್ಲಿಯ ಮಾತನ್ನು ಅಷ್ಟು ಆಳವಾಗಿ ಕಲಿತಾಗ, ಹುಟ್ಟಿದ ಊರಲ್ಲೇ ಇರುವ ನಾನು ಪಕ್ಕದ ಲೈನಿನ ಮಾತು ಕಲಿಯದಿದ್ದರೆ ಹೇಗೆ? ಮಕ್ಕಳ ಹತ್ತಿರ ಕೇಳಿ ಕೇಳಿ ಯರವ ಮಾತು ಸ್ವಲ್ಪ ಕಲಿತೆ. ಈಗಲೂ ತಪ್ಪಾಡುತ್ತೇನೆ, ಅವರು ತಿದ್ದುತ್ತಾರೆ.

ನಾವು ಅಂದುಕೊಂಡಿದ್ದು ಅವರಿಗೆ ಕಂಬಳಿ ಬೇಕು, ಪಾತ್ರೆ ಬೇಕು ಅಂತ. ನೋಟ್‌ಪುಸ್ತಕದಲ್ಲಿ ತುಂಬಿದ್ದೇ ಬೇರೆ. ಹೆಚ್ಚಿನವು ಕಾಗದದ ಕಷ್ಟಗಳು. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಮಗುವಿಗೆ ಜಾತಿ ಪ್ರಮಾಣಪತ್ರ ಇಲ್ಲ. ಒಬ್ಬ ಅಜ್ಜಿಗೆ ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿ ಬೆರಳಚ್ಚು ಹತ್ತುತ್ತಲೇ ಇರಲಿಲ್ಲ. ಜೀವನವಿಡೀ ಕಾಫಿ ಕುಯ್ದು, ಕಳೆ ಕಿತ್ತು ಬೆರಳಿನ ಗೆರೆಗಳೇ ಸವೆದಿದ್ದವು. ಆಧಾರ್ ಕೇಂದ್ರಕ್ಕೆ ಮೂರು ಸಲ ಕರೆದುಕೊಂಡು ಹೋಗಿ ಅಚ್ಚು ಹೊಸದಾಗಿ ಕೊಡಿಸಿದೆವು. ಮೂರನೇ ಸಲ ಹಿಡಿಯಿತು. ಅಜ್ಜಿ ಆ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದ್ದು ನನಗೆ ಮರೆಯುವುದಿಲ್ಲ. ನಾಡಕಚೇರಿಗೆ ಹೋಗುವುದೆಂದರೆ ಇವರಿಗೆ ಒಂದು ದಿನದ ಕೂಲಿ ಹೋದಂತೆ. ಯಾವ ದಾಖಲೆ ಬೇಕು ಎಂದು ನಾವೇ ಮೊದಲು ವಿಚಾರಿಸಿಕೊಂಡು ಬಂದರೆ ಆ ಒಂದು ದಿನ ಉಳಿಯುತ್ತದೆ. ನಾವು ಮಾಡಿದ ಕೆಲಸದಲ್ಲಿ ಮುಕ್ಕಾಲು ಭಾಗ ಇದೇ.

ಇನ್ನೊಂದು, ಕೆಮ್ಮು. ಎರಡು ವಾರ ದಾಟಿದ ಕೆಮ್ಮಿದ್ದವರನ್ನು ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿ ಎಂದು ಆಶಾ ಕಾರ್ಯಕರ್ತೆ ಹೇಳಿಕೊಟ್ಟಿದ್ದರು. ಒಬ್ಬ ಯುವಕನಿಗೆ ಕ್ಷಯ ಅಂತ ಗೊತ್ತಾಯಿತು. ಮಾತ್ರೆ ಉಚಿತ, ಆರು ತಿಂಗಳು ತಪ್ಪದೆ ನುಂಗಬೇಕು. ಪೌಷ್ಟಿಕ ಆಹಾರಕ್ಕೆ ಸರ್ಕಾರದಿಂದ ಅವನ ಬ್ಯಾಂಕ್ ಖಾತೆಗೆ ಹಣವೂ ಬರುತ್ತದೆ. ಆಗ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1,000 ಆಗಿದೆ. ಅವನಿಗೆ ಖಾತೆಯೇ ಇರಲಿಲ್ಲ, ಮೊದಲು ಅದನ್ನು ಮಾಡಿಸಿದೆವು. ಎರಡು ತಿಂಗಳಿಗೆ ಕೆಮ್ಮು ನಿಂತಿತು. ಅಪಾಯ ಇರುವುದೇ ಅಲ್ಲಿ. ವಾಸಿಯಾಯಿತು ಅಂತ ಮಾತ್ರೆ ಬಿಟ್ಟುಬಿಡುತ್ತಾರೆ. ಅಷ್ಟರಲ್ಲಿ ರೊಬಸ್ಟಾ ಕಾಫಿಯ ಕುಯ್ಲೂ ಮುಗಿಯಿತು. ಅವನು ಹೇಳದೆ ಬೇರೆ ತೋಟಕ್ಕೆ ಹೋಗಿಬಿಟ್ಟ. ಹನ್ನೆರಡು ದಿನ ಹುಡುಕಿದೆವು. ಸಿಕ್ಕ ಮೇಲೆ ಅವನಿರುವ ಜಾಗದ ಆರೋಗ್ಯ ಕೇಂದ್ರಕ್ಕೇ ಚಿಕಿತ್ಸೆ ವರ್ಗಾಯಿಸಿದರು. ಈಗ ಕಾಯಿಲೆಯವರ ಹೆಸರಿನ ಪಕ್ಕ, ಕುಯ್ಲಾದ ಮೇಲೆ ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನೂ ಬರೆದುಕೊಳ್ಳುತ್ತೇನೆ.

ಕುಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ದೊಡ್ಡ ಮಕ್ಕಳು ಶಾಲೆ ಬಿಟ್ಟು ಚಿಕ್ಕವರನ್ನು ನೋಡಿಕೊಳ್ಳುತ್ತಾರೆ, ಇಲ್ಲವೇ ಚೀಲ ಹಿಡಿಯುತ್ತಾರೆ. ಸಂಜೆ ಪಾಠ ಶುರು ಮಾಡಿದೆವು, ಆದರೆ ಕುಯ್ಲು ಜೋರಾದ ದಿನಗಳಲ್ಲಿ ಮಕ್ಕಳು ಕೂತಲ್ಲೇ ನಿದ್ದೆ ಹೋಗುತ್ತಾರೆ. ಇದು ನಮ್ಮಿಂದ ಇನ್ನೂ ಸರಿಯಾಗಿಲ್ಲ.

ಭಾನುವಾರವನ್ನೂ ಬದಲಾಯಿಸಿದೆವು. ಸಭಾಪಾಲಕರು ಒಪ್ಪಿ, ಸಂತೆಯ ದಿನ ಚರ್ಚಿನ ಜಗಲಿಯಲ್ಲಿ ಒಂದು ಮೇಜು ಹಾಕಿಸಿದರು. ಸಂತೆಗೆ ಬಂದವರು ಚೀಲ ಇಟ್ಟು ಹೋಗಬಹುದು, ಮಕ್ಕಳಿಗೆ ಹಾಲು ಕುಡಿಸಬಹುದು, ಬೆಲ್ಲದ ಕಾಫಿ ಕುಡಿಯಬಹುದು. ಅರ್ಜಿ ಬರೆಸಬೇಕಿದ್ದರೆ ನಾನಿರುತ್ತೇನೆ. ಆರಾಧನೆ ನಡೆಯುವಾಗ ಜಗಲಿಯಲ್ಲಿ ಮಗು ಅಳುತ್ತದೆ ಎಂದು ನಮ್ಮವರೇ ಕೆಲವರು ಗೊಣಗಿದ್ದುಂಟು. ಅಳಲಿ ಬಿಡಿ ಎಂದೆ.

ಎರಡು ವರ್ಷ ಕಳೆದ ಮೇಲೆ, ಅದೇ ಯರವ ಹೆಂಗಸು ಜಗಲಿಯಲ್ಲಿ ಕೂತು ಕೇಳಿದಳು: “ಟೀಚರೇ, ನಿಮಗೆ ಪೆನ್ಶನ್ ಬರುತ್ತೆ. ಸುಮ್ನೆ ಮನೇಲಿರದೆ ನಮ್ಮ ಹಿಂದೆ ಯಾಕೆ ಓಡಾಡ್ತೀರಿ?” ಆಗ ಹೇಳಿದೆ, ಯೇಸುವಿನ ಬಗ್ಗೆ, ಅವರು ನನಗೆ ಏನಾಗಿದ್ದಾರೆ ಅನ್ನುವುದರ ಬಗ್ಗೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಸತ್ತ ತನ್ನ ತಾಯಿಯ ಬಗ್ಗೆ, ಹಾಡಿಯ ಹಿರಿಯರ ಬಗ್ಗೆ ತುಂಬಾ ಹೊತ್ತು ಹೇಳಿದಳು. ನಾನೂ ಪೂರ್ತಿ ಕೇಳಿದೆ. ಅವಳು ಆರಾಧನೆಗೆ ಬರುವವಳಲ್ಲ. ಪ್ರತಿ ಭಾನುವಾರ ಸಂತೆ ಮುಗಿಸಿ ಜಗಲಿಗೆ ಬರುತ್ತಾಳೆ. ಹೊಸದಾಗಿ ಲೈನಿಗೆ ಬಂದವರ ಕೈ ಹಿಡಿದು, “ಇವರಿಗೂ ಒಂದು ಅರ್ಜಿ ಬರೀರಿ ಟೀಚರೇ” ಎಂದು ಮೇಜಿನ ಮುಂದೆ ಕೂರಿಸುತ್ತಾಳೆ.