ಮಾಡಿನ ನೀರು ಬಾವಿಗೆ ಬಿಟ್ಟ ನನ್ನ ಅನುಭವ

ನಮ್ಮದು ಉಡುಪಿ ಹತ್ತಿರದ ಪರ್ಕಳ. ವರ್ಷಕ್ಕೆ ಹೆಚ್ಚುಕಮ್ಮಿ 4,000 ಮಿ.ಮೀ. ಮಳೆ ಬೀಳುವ ಊರು ಇದು. ಆದರೂ 2019ರ ಬೇಸಿಗೆಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳಕ್ಕಿಳಿದು, ನಳ್ಳಿ ನೀರು ಸರದಿ ಮೇಲೆ ಬರತೊಡಗಿತು, ನಮ್ಮ ಬಾವಿಯೂ ಬತ್ತಿ ಟ್ಯಾಂಕರಿಗೆ ಕಾಯುವ ಹಾಗಾಯಿತು. ಮುಂದಿನ ಮಳೆಗಾಲಕ್ಕೇ ಹಂಚಿನ ಮಾಡಿನ ನೀರನ್ನು ಬಾವಿಗೆ ತಿರುಗಿಸಿದೆ.

ಲೆಕ್ಕ ಸುಲಭ. 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರಿನ ಮಾಡು ಇದ್ದರೆ ವರ್ಷಕ್ಕೆ 4 ಲಕ್ಷ ಲೀಟರ್, ಚೆಲ್ಲಿ ಹೋಗಿದ್ದು ಕಳೆದರೂ 3 ಲಕ್ಷಕ್ಕೆ ಮೋಸವಿಲ್ಲ.

ಮಾಡಿನ ಅಂಚಿಗೆ ನೀರು ಹಿಡಿಯುವ ಪಿವಿಸಿ ದಂಬೆ, ಅಲ್ಲಿಂದ ಪೈಪು, ಪೈಪು ಬಂದು ಬೀಳುವಲ್ಲಿ ನೀರು ಸೋಸಿ ಬಾವಿಗೆ ಬಿಡಲು 200 ಲೀಟರಿನ ಡ್ರಮ್. ತಳಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಇದ್ದಿಲು, ಎಲ್ಲದರ ಮೇಲೆ ತೊಳೆದ ಹೊಯಿಗೆ (ಮರಳು). ಪ್ರತಿ ಪದರದ ನಡುವೆ ನೈಲಾನ್ ಬಲೆ ಬೇಕೇ ಬೇಕು, ಇಲ್ಲದಿದ್ದರೆ ಹೊಯಿಗೆ ಇಳಿದು ಜಲ್ಲಿಯ ಸಂದು ಕಟ್ಟುತ್ತದೆ. ಹೊಳೆಯ ಹೊಯಿಗೆಯೇ ಆಗಬೇಕು, ಕಡಲಿನದ್ದು ಬೇಡ, ಉಪ್ಪು ಇರುತ್ತದೆ. ಡ್ರಮ್ಮಿಗಿಂತ ಮೊದಲು ಪೈಪಿಗೆ ಒಂದು ಟೀ ಕೂರಿಸಿ ಮುಚ್ಚಳ ಹಾಕಿದ್ದೇನೆ. ಪತ್ತನಾಜೆ ಹೊತ್ತಿಗೆ, ಅಂದರೆ ಮೇ ಕೊನೆಗೆ, ಬರುವ ಮೊದಲ ಮಳೆಗಳಲ್ಲಿ ಅದು ತೆರೆದೇ ಇರುತ್ತದೆ. ಆ ಕೆಂಪು ನೀರು, ಹಕ್ಕಿ ಹಿಕ್ಕೆ, ಮಾವಿನ ತರಗೆಲೆ ಎಲ್ಲ ಅಂಗಳಕ್ಕೆ ಹೋಗಲಿ.

ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಹೇಳದೆ ಬಿಡುವುದು ಏನೆಂದರೆ, ಜುಲೈಯಲ್ಲಿ ಬಾವಿಗೆ ಬಿಟ್ಟ ನೀರು ಮೇ ತಿಂಗಳಿಗೆ ಉಳಿಯುವುದಿಲ್ಲ. ನಮ್ಮಲ್ಲಿ ಮೇಲೆ ಮುರಕಲ್ಲು (ಜಂಬಿಟ್ಟಿಗೆ), ಅದರೊಳಗೆ ನೀರು ಸಲೀಸಾಗಿ ಇಳಿಯುತ್ತದೆ, ಅಡಿಯಲ್ಲಿ ಶೇಡಿ ಮಣ್ಣು (ಮೆತ್ತನೆಯ ಜೇಡಿ), ಅದು ನೀರನ್ನು ಅಷ್ಟಾಗಿ ಕೆಳಗೆ ಬಿಡುವುದಿಲ್ಲ. ಹಾಗಾಗಿ ಇಂಗಿದ್ದು ಶೇಡಿಯ ಮೇಲೆಯೇ ಜಾರುತ್ತಾ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಸೇರುತ್ತದೆ. ಆಟಿಯಲ್ಲಿ (ಜುಲೈ-ಆಗಸ್ಟ್) ಹೇಗೂ ಬಾವಿ ಕಟ್ಟೆವರೆಗೆ ತುಂಬಿರುತ್ತದೆ, ಅಲ್ವಾ? ನಿಜವಾಗಿ ಉಪಯೋಗಕ್ಕೆ ಬರುವುದು ಮಳೆಗಾಲದ ಕೊನೆಯ ಹಸ್ತ, ಚಿತ್ತೆ, ಸ್ವಾತಿ ಮಳೆಗಳು, ಸಂಜೆ ಗುಡುಗಿನ ಜೊತೆ ಬಂದು ಹೋಗುವಂಥವು. ಆದರೆ ಆ ಹೊತ್ತಿಗೆ ಜಾಸ್ತಿ ಮನೆಗಳ ಡ್ರಮ್ಮಿನಲ್ಲಿ ಪಾಚಿ ಕಟ್ಟಿ ನೀರು ಮೇಲಿಂದಲೇ ಉಕ್ಕಿ ಹೋಗುತ್ತಿರುತ್ತದೆ. ನಾನು ಚೌತಿ ಕಳೆದ ಮೇಲೆ ಹೊಯಿಗೆ ತೆಗೆದು, ಬಕೆಟಿನಲ್ಲಿ ಕೆಸರು ಹೋಗುವವರೆಗೆ ತೊಳೆದು, ಇದ್ದಿಲು ಬದಲಿಸಿ ಮತ್ತೆ ತುಂಬುತ್ತೇನೆ. ಸೊಂಟ ನೋವು ಗ್ಯಾರಂಟಿ.

ಇನ್ನೊಂದು ಕೆಲಸ ತೋಡಿನದ್ದು. ಮಳೆ ನಿಂತು ಹರಿವು ಸಣ್ಣದಾದ ಮೇಲೆ ಕೆಳಗಿನ ಮನೆಯವರೆಲ್ಲ ಸೇರಿ ಮಣ್ಣಿನ ಚೀಲ ಪೇರಿಸಿ ಕಟ್ಟ ಹಾಕುತ್ತೇವೆ, ಮಳೆಗಾಲಕ್ಕೆ ಮೊದಲು ಬಿಡಿಸುತ್ತೇವೆ. ಇದು ಈ ಕಡೆಯ ಹಳೆಯ ಪದ್ಧತಿ. ತೋಡಿನಲ್ಲಿ ನೀರು ನಿಂತಷ್ಟು ದಿನ ಎರಡೂ ದಡದ ಬಾವಿಗಳು ಇಳಿಯುವುದು ನಿಧಾನ. ನನ್ನ ಪ್ರಕಾರ ಡ್ರಮ್ಮಿಗಿಂತ ಇದರದ್ದೇ ದೊಡ್ಡ ಪಾಲು. ಈಗ ಬಾವಿಯಲ್ಲಿ ಮೇ ನಡುವಿನವರೆಗೆ ನೀರಿರುತ್ತದೆ, ಮಳೆ ತಡವಾದರೆ ಮಾತ್ರ ಕಷ್ಟ. ಪಕ್ಕದ ಮನೆಯವರು "ನಿಮ್ಮ ಮಾಡಿನ ನೀರು ನಮ್ಮ ಬಾವಿಗೆ ಬರುತ್ತದೆ ಮಾರಾಯ್ರೆ" ಎಂದು ನಗುತ್ತಾರೆ. ಇಳಿಜಾರಿನಲ್ಲಿ ಅವರ ಮನೆ ಕೆಳಗಿದೆ, ಬರುತ್ತಿರಲೂಬಹುದು.

ಗುಡ್ಡದ ಕಡಿದಾದ ಬದಿಯಲ್ಲಿ ಮಾತ್ರ ಇಂಗುಗುಂಡಿ ತೋಡಬೇಡಿ, ಶೇಡಿ ನೆನೆದರೆ ಗುಡ್ಡವೇ ಜಾರುತ್ತದೆ. ಶೌಚದ ಗುಂಡಿ ಬಾವಿಗೆ ಹತ್ತಿರವಿದ್ದರೆ ಮೊದಲು ಅದಕ್ಕೊಂದು ದಾರಿ ಮಾಡಿ. ಕುಡಿಯುವ ನೀರನ್ನು ನಾವು ಈಗಲೂ ಕುದಿಸಿಯೇ ಕುಡಿಯುತ್ತೇವೆ.